ಉಡಿ ತುಂಬ ಹಕ್ಕರಕಿ

ಹೊಂಬಳದ ಎರಿ ಹೊಲ, ಛಟ್ಟಿ ಅಮಾಸಿ ಹತ್ತಿರದ ಒಂದು ಮುಂಜಾನೆ. ಹಿಂಗಾರಿ ಜೋಳ ಸೊಂಟಮಟ್ಟ ಬಂದಿದೆ. ಪಕ್ಕದ ಪಟ್ಟಿಯಲ್ಲಿ ಕಡಲೆ ನೆಲ ಮುಚ್ಚಿದೆ. ದನ ಒಳಗೆ ಬರದಿರಲೆಂದು ಹೊಲದ ಅಂಚಿಗೆ ಕುಸುಬಿ ಸಾಲು ಹಾಕಿದ್ದಾರೆ; ಅದರ ಎಲೆಗೆ ಮುಳ್ಳು ಈಗಷ್ಟೇ ಮೂಡುತ್ತಿದೆ. ಮಣ್ಣು ಬೆರಳು ಇಳಿಯುವಷ್ಟು ಬಿರಿದಿತ್ತು, ನಿನ್ನೆ ಎಡಿ ಹೊಡೆದು ಮುಚ್ಚಿದ್ದಾರೆ. ಮೇಲಿನ ಪುಡಿಮಣ್ಣು ಬಿರುಕಿಗೆ ಇಳಿದರೆ ಒಳಗಿನ ಹಸಿ ಉಳಿಯುತ್ತದೆ. ಇನ್ನು ಮಳೆಯಿಲ್ಲ, ಸುಗ್ಗಿಯ ತನಕ ಬೆಳೆ ಬದುಕಬೇಕಾದದ್ದು ಆ ಹಸಿಯ ಮೇಲೆಯೇ.

ಕುಂಟೆ ಮುಟ್ಟದ ಸಾಲಿನೊಳಗಿನ ಕಸಕ್ಕೆ ಹೆಣ್ಣಾಳುಗಳು ಬಂದಿದ್ದಾರೆ. ತಲೆಗೆ ಟವೆಲ್ಲು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಕೈಯಲ್ಲಿ ಕುರ್ಪಿ. ಕೂತಲ್ಲೇ ಮುಂದೆ ಸರಿಯುತ್ತಾರೆ. ಕಿತ್ತದ್ದರಲ್ಲಿ ಒಂದು ಪಾಲು ಬದುವಿಗೆ ಬೀಳುತ್ತದೆ, ಇನ್ನೊಂದು ಪಾಲು ಉಡಿಗೆ ಸೇರುತ್ತದೆ. ಯಾವುದು ಎಲ್ಲಿಗೆ ಎಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ, ಕೈಗೇ ಗೊತ್ತು. ಬಾಯಿ ಬೇರೆ ಕೆಲಸದಲ್ಲಿದೆ: ಯಾರ ಮನೆಯ ಸೊಸೆ ತವರಿಗೆ ಹೋದಳು, ಸಂಘದ ಕಂತು ಯಾರು ಕಟ್ಟಿಲ್ಲ, ಗದಗಿನ ಬಸ್ಸು ಯಾಕೆ ಬರಲಿಲ್ಲ.

“ಏ ತಮ್ಮಾ, ಕಾಲ ತಗಿ, ಪಲ್ಲೆ ಮ್ಯಾಲ ನಿಂತಿ.”

ಎಲ್ಲರಿಗಿಂತ ಹಿರಿಯಾಕೆ. ನನ್ನ ಕಾಲ ಕೆಳಗೆ ಹಕ್ಕರಕಿ. ನೆಲಕ್ಕೆ ಅಂಟಿ ಸುತ್ತ ಹರಡಿದ ಎಲೆ, ಮುರಿದರೆ ಹಾಲು. ಬೀಜ ಬಿತ್ತದೆ, ಗೊಬ್ಬರ ಹಾಕದೆ ಹಿಂಗಾರಿನಲ್ಲಿ ತಾನೇ ಏಳುವ ಇದನ್ನು ಉತ್ತರ ಕರ್ನಾಟಕದ ಎರಿ ಸೀಮೆಯವರು ಬೇಯಿಸುವುದಿಲ್ಲ. ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ಅಗಿಯುತ್ತಾರೆ, ಮಗ್ಗುಲಿಗೆ ಶೇಂಗಾ ಹಿಂಡಿ, ಮೊಸರು. ಕೇಳಿದ್ದಕ್ಕೆ ಆಕೆ ತಲೆಯೆತ್ತದೆ ಹೇಳಿದ್ದು ಇಷ್ಟು: “ಇದಕ ದಂಟ ಎದ್ದೈತಿ ನೋಡು, ಕಹಿ ಆಗೇತಿ, ಎಮ್ಮಿಗೆ ಹಾಕೂದು. ಇದು ಇನ್ನಾ ನೆಲಾ ಹಿಡಕೊಂಡೈತಿ, ಇದು ನಮಗ. ಬದುವಿನ ಮ್ಯಾಲಿಂದು ಬಿರುಸ, ಜ್ವಾಳದ ನೆಳ್ಳಾಗಿಂದು ಮೆತ್ತಗ. ಬೇರ ಕೀಳಬ್ಯಾಡ, ಕುರ್ಪಿ ತುದೀಲೆ ತಲಿ ಅಷ್ಟ ತಗಿ, ಮತ್ತ ಚಿಗೀತೈತಿ.”

ಒಂದೇ ಉಸಿರಿನಲ್ಲಿ ಗುರುತು, ಹದ, ಜಾಗ, ಕೊಯ್ಯುವ ಕ್ರಮ, ಮರುಚಿಗುರು. ಇದನ್ನು ಹಾಗೆಯೇ ಹಿಡಿದಿಡೋಣ ಎಂದು ಫೋನು ತೆಗೆದೆ. ಆಕೆ ಸೆರಗು ಸರಿಮಾಡಿಕೊಂಡಳು, ಕುರ್ಪಿ ಕೆಳಗಿಟ್ಟಳು. “ಇದು ಹಕ್ಕರಿಕೆ ಸೊಪ್ಪುರೀ. ಇದನ್ನು ರೊಟ್ಟಿ ಜೊತೆಗೆ ತಿನ್ನುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು.” ಮುಗಿಯಿತು. ಏಕವಚನದ ತಮ್ಮ ಹೋಗಿ ನಾನು ಬಹುವಚನದ ಸಾಹೇಬನಾಗಿದ್ದೆ. ದಂಟು, ನೆರಳು, ಬೇರು ಎಲ್ಲ ಎಲ್ಲಿಗೋ ಹೋಗಿದ್ದವು. ಮೊದಲು ಹೇಳಿದ್ದನ್ನೇ ಹೇಳಿ ಎಂದರೆ ಪಕ್ಕದಾಕೆ ನಕ್ಕಳು: “ನಮ್ಮದು ಒರಟ ಮಾತ್ರೀ, ಅದನ್ನೇನ ಹಿಡಕೋತೀರಿ.” ಫೋನು ಕಿಸೆ ಸೇರಿದ ಮೇಲೆಯೇ ಪಲ್ಲೆಯ ಮಾತು ಮತ್ತೆ ಶುರುವಾಗಿದ್ದು. ಮುಂಗಾರಿ ಹೊಲದ ಕಿರಕಸಾಲಿ, ಗೋಳಿ, ಮನೆಯ ಹಿತ್ತಲ ಪುಂಡಿ, ಸಾಲು ತೆಳುಮಾಡುವಾಗ ಕಿತ್ತ ಎಳೆ ಕುಸುಬಿ. ಯಾವುದಕ್ಕೆ ಬೇಳೆ ಬೇಕು, ಯಾವುದಕ್ಕೆ ಜೋಳದ ನುಚ್ಚು ಸಾಕು ಎಂಬ ಬಗ್ಗೆ ಅವರಲ್ಲೇ ಎರಡು ಪಕ್ಷ, ಜೋರಾದ ವಾದ.

ಕಡಲೆಯ ಪಟ್ಟಿಗೆ ಇಳಿದಾಗ ಇನ್ನೊಂದು ವಿದ್ಯೆ ಕಂಡಿತು. ಕಡಲೆ ಸುಮಾರು ತಿಂಗಳಿನದಾದಾಗ ತುದಿಯ ಕುಡಿ ಚಿವುಟಿದರೆ ಮಗ್ಗುಲ ಟೊಂಗೆ ಒಡೆದು ಕಾಯಿ ಹೆಚ್ಚು ಬಿಡುತ್ತದೆ. ಕೃಷಿ ವಿಜ್ಞಾನಿಗಳು ರೈತರಿಗೆ ಶಿಫಾರಸು ಮಾಡುವ ಕ್ರಮ ಇದು. ಈ ಹೆಂಗಸರು ಅದನ್ನು ಮಾಡುವುದು ಕಡಲೆ ಪಲ್ಲೆಯ ಆಸೆಗೆ. ಕುಡಿ ಅವರಿಗೆ, ಕವಲು ಹೊಲದ ಒಡೆಯನಿಗೆ. ಹೂ ಬಿಟ್ಟ ಮೇಲೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ಸೂಸುತ್ತವೆ. ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಎನ್ನುತ್ತದೆ ರಸಾಯನಶಾಸ್ತ್ರ. ಬರಿಗಾಲಲ್ಲಿ ಓಡಾಡಿದರೆ ಕಾಲು ಉರಿಯುವುದು ಅದಕ್ಕೇ. ರಾತ್ರಿ ಬೆಳೆಯ ಮೇಲೆ ತೆಳು ಬಿಳಿಬಟ್ಟೆ ಹಾಸಿ, ನಸುಕಿನಲ್ಲಿ ಮಂಜಿನ ಸಮೇತ ಹಿಂಡಿ ಸೀಸೆಗೆ ತುಂಬಿಡುವ ರೂಢಿ ಹಿಂದಿನಿಂದ ಬಂದದ್ದು. ಹೊಟ್ಟೆ ಕೆಟ್ಟಾಗ ಒಂದೆರಡು ಹನಿ. “ಸ್ಟೀಲಿನ ಡಬ್ಬಿಗೆ ಹಾಕಬ್ಯಾಡ, ಗಾಜಿಂದ ಬೇಕು,” ಎಂದು ಹಿರಿಯಾಕೆ ಸೇರಿಸಿದಳು. ಆಮ್ಲದ ಪಾಠ ಓದದೆಯೂ ಪಾತ್ರೆಯ ಆಯ್ಕೆ ಸರಿಯಾಗಿದೆ.

ಇದು ಯಾರ ಊಟ ಎಂಬುದನ್ನೂ ಹೇಳಬೇಕು. ಉಡಿಯ ಪಲ್ಲೆ ಕೂಲಿಯವರ ಮನೆಯದು. ಹೊಲದ ಒಡೆಯರ ಮನೆಯಲ್ಲಿ ಬೀಗರು ಬಂದ ದಿನ ಹಕ್ಕರಕಿ ತಟ್ಟೆಗೆ ಬರುತ್ತಿರಲಿಲ್ಲ. ಕಸ ತಿನ್ನಿಸಿದರು ಅಂದಾರು ಎಂಬ ಅಂಜಿಕೆ. ಈಗ ಹುಬ್ಬಳ್ಳಿಯ ಖಾನಾವಳಿಯಲ್ಲಿ ಮೆಂತ್ಯ, ಸೌತೆಕಾಯಿ, ಉಳ್ಳಾಗಡ್ಡಿಯ ಜೊತೆ ಅದೇ ಎಲೆ ಸಿಗುತ್ತದೆ, ತಿಂದವರು ಅದರ ಚಿತ್ರ ತೆಗೆಯುತ್ತಾರೆ. ಅತ್ತ ಹೊಲಗಳಿಗೆ ಕಸದ ಎಣ್ಣೆ ಬಂದಿದೆ. ಒಮ್ಮೆ ಹೊಡೆದರೆ ಹೆಣ್ಣಾಳಿನ ಕೂಲಿ ಉಳಿಯುತ್ತದೆ, ಹಕ್ಕರಕಿಯೂ ಉಳಿಯುವುದಿಲ್ಲ. ಎಲೆಗೆ ಮರ್ಯಾದೆ ಬರುವುದಕ್ಕೂ ಎಲೆ ಹೋಗುವುದಕ್ಕೂ ಒಂದೇ ಕಾಲ ಬಂತಲ್ಲ ಎಂದು ಬೇಜಾರು.

ಮಾತಿಗೆ ಮಾತ್ರ ಆ ಮರ್ಯಾದೆಯೂ ಬಂದಿಲ್ಲ. ಸಿನಿಮಾದಲ್ಲಿ ನಮ್ಮ ಕಡೆಯ ಮಾತಾಡುವವನು ಹೆಚ್ಚಾಗಿ ನಗಿಸುವವನು, ಇಲ್ಲವೇ ಖಳನ ಹಿಂದೆ ಬಡಿಗೆ ಹಿಡಿದು ನಿಲ್ಲುವವನು. ವೈದ್ಯ, ವಿಜ್ಞಾನಿ, ನ್ಯಾಯಾಧೀಶ ಆದವನ ಬಾಯಲ್ಲಿ “ಐತಿ” ಬರುವುದಿಲ್ಲ. ಬೆಂಗಳೂರನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಧಾರವಾಡದವರಿಗೆ ಗದಗು ಒರಟು, ಗದಗಿನ ಪ್ಯಾಟಿಯವರಿಗೆ ಹೊಂಬಳ ಒರಟು, ಹೊಂಬಳದ ಗೌಡರ ಓಣಿಗೆ ಕೇರಿಯ ಮಾತು ಒರಟು. ವಿಲಿಯಂ ಮೆಕ್‌ಕಾರ್ಮಾಕ್ ಎಂಬ ವಿದ್ವಾಂಸ ಧಾರವಾಡದ ಕನ್ನಡದಲ್ಲಿ ಜಾತಿಗೆ ತಕ್ಕಂತೆ ಮಾತು ಹೇಗೆ ಬೇರೆಯಾಗುತ್ತದೆ ಎಂದು 1960ರಲ್ಲೇ ಬರೆದಿದ್ದ. ಗದಗು ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೇಂದ್ರೆಯವರು ಇದೇ ಸೀಮೆಯ ಆಡುಮಾತನ್ನು ಕಾವ್ಯಕ್ಕೆ ಏರಿಸಿದರು, 1973ರಲ್ಲಿ ಜ್ಞಾನಪೀಠವೂ ಬಂತು. ಕವಿಯ ಬಾಯಲ್ಲಿ ಜೇನಾದದ್ದು ಕಸ ತೆಗೆಯುವಾಕೆಯ ಬಾಯಲ್ಲಿ ಇನ್ನೂ ಒರಟೇ. ಸಭೆಯಲ್ಲಿ ಬೇಂದ್ರೆ ಪದ ಹಾಡಿಸಿ ಕಣ್ಣೊರೆಸಿಕೊಳ್ಳುವ ನಾವೇ, ಮನೆಗೆ ಬಂದು ಮಗುವಿಗೆ “ಹಂಗಲ್ಲ, ಹಾಗೆ ಅನ್ನು” ಎಂದು ತಿದ್ದುತ್ತೇವೆ.

ಗದಗು ದಾಟಿ ಮುಂಡರಗಿ ದಾರಿ ಹಿಡಿದರೆ ಎರಿ ಮುಗಿದು ಮಸಾರಿ ಬರುತ್ತದೆ, ಆಮೇಲೆ ಕಲ್ಲು, ಆಮೇಲೆ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿ ನೋಡು ಎನ್ನುತ್ತಾರೆ. ಈಗ ನೋಡಿದರೆ ಮೊದಲು ಕಾಣುವುದು ಗಾಳಿಯಂತ್ರದ ರೆಕ್ಕೆ. ಡೋಣಿಯ ಕಡೆಯ ಇಳಿಜಾರಿನಲ್ಲಿ ಕುರಿ ಬಿಟ್ಟು ಕಂಬಳಿ ಹೊದ್ದು ನಿಂತ ಒಬ್ಬ ಕುರಿಗಾರ ಅಜ್ಜ. ಸುತ್ತ ಬರೀ ಬಂದರಿ, ತಂಗಡಿ. ತಂಗಡಿಯ ಹಳದಿ ಹೂವಿಗೆ ನಾನು ಮರುಳಾಗಿದ್ದೆ. “ಹೂವ ಚಂದ ಅಂತೀರಿ ನೀವು,” ಎಂದ ಅಜ್ಜ, “ಇವೆರಡ ಉಳದಾವಂದ್ರ ಉಳದದ್ದೆಲ್ಲಾ ನಮ್ಮ ಕುರಿ ತಿಂದಾವಂತ ತಿಳೀರಿ. ಇವನ್ನ ಆಡು ಸೈತ ಮೂಸಾಂಗಿಲ್ಲ.” ಅತಿಯಾಗಿ ಮೇಯ್ದ ಬೆಟ್ಟದಲ್ಲಿ ಬಂದರಿ ಮೇಲುಗೈಯಾಗುತ್ತದೆ ಎಂಬುದು ಪರಿಸರ ವಿಜ್ಞಾನದ ಪಾಠವೂ ಹೌದು. ತನ್ನ ಕುರಿಯ ಮೇಲೆ ತಾನೇ ಸಾಕ್ಷಿ ಹೇಳಿದ್ದು ಮಾತ್ರ ಅಜ್ಜನದೇ. ಇದೇ ತಂಗಡಿಯ ತೊಗಟೆ ಒಂದು ಕಾಲಕ್ಕೆ ದಕ್ಷಿಣ ಭಾರತದ ತೊಗಲು ಹದ ಮಾಡುವವರ ಮುಖ್ಯ ಸಾಮಗ್ರಿ. ಯಾವ ತೊಗಟೆ ಹದಕ್ಕೆ ಬಂದಿದೆ ಎಂದು ಬಲ್ಲವರು ಊರ ಹೊರಗಿದ್ದರು. ಅವರು ಹದ ಮಾಡಿದ ತೊಗಲಿನ ಮೆಟ್ಟುಗಳು ಊರೊಳಗೆ ನಡೆದಾಡಿದವು.

ಕಪ್ಪತಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು, ಮರುವರ್ಷ ಹಿಂದಕ್ಕೆ ಪಡೆಯಿತು. 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ ಘೋಷಣೆ ಮರಳಿತು, 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಆಗಿನ ಭಾಷಣಗಳಲ್ಲೆಲ್ಲ ಇದು ಔಷಧಿ ಸಸ್ಯಗಳ ಕಾಶಿ. ಔಷಧಿ ಎಂದು ಮೊದಲು ಹೇಳಿದ್ದು ಯಾರು? ನಾಟಿ ವೈದ್ಯರು, ಕುರಿಗಾರರು, ಕಟ್ಟಿಗೆ ತರುವ ಹೆಂಗಸರು. ವೇದಿಕೆಯ ಮೇಲೆ ಅವರಿಗೆ ಎಷ್ಟು ಕುರ್ಚಿ ಇದ್ದವು ಎಂದು ಕೇಳಬಾರದೇನೋ.

ಮುನ್ನೂರೈವತ್ತು ವರ್ಷದ ಹಿಂದಿನ ಒಂದು ಪುಸ್ತಕ ಈ ವಿಷಯದಲ್ಲಿ ನಮಗಿಂತ ಮುಂದಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಗಿಡಗಳ ಮಾಹಿತಿ ಬಹುಪಾಲು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನದು. ಮೇಲ್ಜಾತಿಯವರಿಂದ ಆತ ದೂರ ನಿಲ್ಲಬೇಕಾದ ಕಾಲ. ಆದರೂ ಮೊದಲ ಸಂಪುಟದಲ್ಲಿ ಅವನ ಹೆಸರಿದೆ, ಅವನದೇ ಲಿಪಿಯಲ್ಲಿ ಅವನ ಹೇಳಿಕೆ ಇದೆ. ಡಚ್ಚರಿಗೆ ಅವನ ಉಚ್ಚಾರಣೆ ಒರಟೋ ನಯವೋ ತಿಳಿಯುತ್ತಿರಲಿಲ್ಲ, ಬೇಕಾದದ್ದು ಗಿಡ. ಆ ಲ್ಯಾಟಿನ್ ಸಂಪುಟಗಳನ್ನು ಇಂಗ್ಲಿಷಿಗೆ ತಂದ ಸಸ್ಯಶಾಸ್ತ್ರಜ್ಞ ಕೆ.ಎಸ್. ಮಣಿಲಾಲ್ ಅವರಿಗೆ 2020ರ ಪದ್ಮಶ್ರೀ ಬಂತು. ಅದೇ ಪಟ್ಟಿಯಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಇದ್ದರು. ಹಾಲಕ್ಕಿ ಹೆಣ್ಣುಮಗಳು, ಶಾಲೆ ಕಂಡವರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ತಾಯಿಮರ ಯಾವುದು, ಅದರ ಬೀಜ ಯಾವಾಗ ತರಬೇಕು ಎಂಬುದು ಅವರ ವಿದ್ಯೆ. ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದರು, ಆ ಕಾಲಿನ ಚಿತ್ರ ದೇಶವೆಲ್ಲ ಸುತ್ತಿತು. ಬೀಜದ ಬಗ್ಗೆ ಅವರು ಹೇಳಿದ್ದು ಅದರ ಹತ್ತರಲ್ಲೊಂದು ಪಾಲೂ ಸುತ್ತಲಿಲ್ಲ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಗಳಿಕೆಯಲ್ಲೂ ಒಂದು ಬಗೆಯ ಕೆಪ್ಪುತನ ಇರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಊರಿನ ಗಿಡ, ಪ್ರಾಣಿ, ಅವನ್ನು ಬಲ್ಲವರ ತಿಳಿವಳಿಕೆ ಎಲ್ಲ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಬೇಕು. ವರ್ಷಗಟ್ಟಲೆ ಕೆಲಸ ಸಾಗಲಿಲ್ಲವೆಂದು ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು. ಗಡುವಿನ ಬೆನ್ನು ಹತ್ತಿ ತುಂಬಿದ ನಮೂನೆ ಹೇಗಿರುತ್ತದೆಂದು ಹೇಳಬೇಕಿಲ್ಲ. ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಉಪಯೋಗ. “ಜ್ವಾಳದ ನೆಳ್ಳಾಗಿಂದು ಮೆತ್ತಗ” ಎಂಬ ಮಾತು ಅಲ್ಲಿಗೆ ಬರುವುದಿಲ್ಲ. ನನ್ನನ್ನು ಕೇಳಿದರೆ, ಬರೆಯುವವರು ಮೊದಲು ಒಂದು ದಿನ ಕುರ್ಪಿ ಹಿಡಿದು ಸಾಲಿನಲ್ಲಿ ಕೂರಬೇಕು. ಆಮೇಲೆ ಕೇಳಿದ್ದನ್ನು ಕೇಳಿದ ಹಾಗೆಯೇ, “ಐತಿ” ಇದ್ದಲ್ಲಿ “ಐತಿ” ಎಂದೇ ಬರೆಯಬೇಕು. ತಿದ್ದಿದ ಮಾತಿನಲ್ಲಿ ಗಿಡದ ಹೆಸರು ಉಳಿದೀತು, ಗಿಡ ಸಿಗುವ ಜಾಗ ಉಳಿಯುವುದಿಲ್ಲ.

ಸಂಜೆ ಹಿರಿಯಾಕೆಯ ಮನೆಯ ಕಟ್ಟೆಯ ಮೇಲೆ ರೊಟ್ಟಿ, ಹಕ್ಕರಕಿ. ಮೊಮ್ಮಗ ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದುತ್ತಾನೆ, ರಜೆಗೆ ಬಂದಿದ್ದಾನೆ. ಓಣಿಯ ಹುಡುಗರೆಲ್ಲ ಆಯಿ ಎನ್ನುವವಳನ್ನು ಅವನು ಅಜ್ಜಿ ಎನ್ನುತ್ತಾನೆ, ಆಕೆ “ಬ್ಯಾನಿ” ಎಂದಾಗಲೆಲ್ಲ “ಕಾಯಿಲೆ” ಎಂದು ನನ್ನ ಕಡೆ ನೋಡುತ್ತಾನೆ. ಅಷ್ಟರಲ್ಲಿ ಪಕ್ಕದ ಓಣಿಯ ನಡುವಯಸ್ಸಿನವನೊಬ್ಬ ಕುಂಟುತ್ತ ಬಂದ. ಸಕ್ಕರಿ ಬ್ಯಾನಿ. ಕಪ್ಪತಗುಡ್ಡದಿಂದ ಯಾರೋ ತಂದುಕೊಟ್ಟ ಮಧುನಾಶಿನಿ ಆಕೆಯ ಬಳಿ ಇರುವುದು ಅವನಿಗೆ ಗೊತ್ತು. ಅದನ್ನು ಅಗಿದ ಬಾಯಿಗೆ ಸಕ್ಕರೆ ಹಾಕಿದರೆ ಮರಳು ಹಾಕಿದಂತೆ, ಸಿಹಿಯೇ ಹತ್ತುವುದಿಲ್ಲ.

“ಗುಳಿಗಿ ತಗೋಳಾಕತ್ತೀಯೋ ಬಿಟ್ಟೀಯೋ?”

“ಬಿಟ್ಟೇನಿ ಯವ್ವಾ. ನಿಮ್ಮ ಎಲಿ ಮ್ಯಾಲ ನಂಬಿಕಿ ಐತಿ.”

“ಕಾಲ ತೋರಸು.”

ಹೆಬ್ಬೆರಳ ಬುಡದಲ್ಲಿ ಹುಣ್ಣು. ಆಕೆ ಬೆರಳಿಂದ ಸುತ್ತ ಒತ್ತಿ ನೋಡಿದಳು. ನೋಯುತ್ತದೆಯೇ ಎಂದಳು, ಅವನು ಇಲ್ಲ ಎಂದ. ನೋಯುವುದಿಲ್ಲ ಎಂದದ್ದೇ ಆಕೆಯ ದನಿ ಏರಿತು.

“ನೋಯೂದಿಲ್ಲಂದ್ರ ಕೆಟ್ಟೈತಿ. ಇದು ಎಲಿ ಕೆಲಸ ಅಲ್ಲ. ಎಲಿಗಿಲಿ ಕೊಡಾಂಗಿಲ್ಲ ನಾ. ನಾಳಿ ಮುಂಜಾನೆ ಗದಗಿಗೆ ಹೋಗು, ದೊಡ್ಡ ದವಾಖಾನಿಗೆ.”

“ದವಾಖಾನಿ ಅಲ್ಲ ಅಜ್ಜಿ, ಆಸ್ಪತ್ರೆ,” ಎಂದ ಮೊಮ್ಮಗ.

“ಎರಡಕ್ಕೂ ಒಂದ ಬಸ್ಸು. ಇಂವನ್ನ ಕರಕೊಂಡ ಹೋಗು ನೀ.”