ಯಾರ ಕೆಲಸ ಮೊದಲು ಯಂತ್ರಕ್ಕೆ?

ಪುಣೆಯ ಭೋಸರಿ, ಠಾಣೆಯ ವಾಗ್ಳೆ ಎಸ್ಟೇಟ್‌ನಂತಹ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವ ನಮ್ಮವರಿಗೆ ಈ ತಲೆನೋವು ಹೊಸದಲ್ಲ: ಲೇತ್ ಒಂದೇ, ಆರ್ಡರುಗಳು ಹಲವು. ಕೊನೆಗೆ ಫೋನಿನಲ್ಲಿ ಯಾರ ದನಿ ಜೋರೋ ಅವರ ಕೆಲಸವೇ ಮೊದಲು ಯಂತ್ರವೇರುತ್ತದೆ.

ಮೂರು ಕೆಲಸಗಳಿವೆ ಎಂದುಕೊಳ್ಳಿ. ಮೊದಲನೆಯದಕ್ಕೆ 4 ದಿನ ಬೇಕು, 5ನೇ ದಿನ ಕೊಡಬೇಕು. ಎರಡನೆಯದಕ್ಕೆ 3 ದಿನ, ವಾಯಿದೆ 6ನೇ ದಿನ. ಮೂರನೆಯದಕ್ಕೆ 2 ದಿನ, ವಾಯಿದೆ 7ನೇ ದಿನ. ಮೂರನೆಯವರ ಗದ್ದಲಕ್ಕೆ ಮಣಿದು ಅದನ್ನೇ ಮೊದಲು ಮುಗಿಸಿ, ಮಿಕ್ಕವನ್ನು ಸರದಿಯಂತೆ ಹಿಡಿದರೆ ಉಳಿದೆರಡೂ ತಡ. ಒಂದಂತೂ 3 ದಿನ.

1955ರಲ್ಲಿ ಅಮೆರಿಕದ ಜೆ. ಆರ್. ಜಾಕ್ಸನ್ ತೋರಿಸಿಕೊಟ್ಟ ಸೂತ್ರ ಸರಳ: ವಾಯಿದೆ ಮೊದಲು ಬರುವ ಕೆಲಸವೇ ಮೊದಲು. ಆಗಲೂ ಎರಡು ತಡವಾಗುತ್ತವೆ, ಆದರೆ ಯಾವುದೂ 2 ದಿನ ಮೀರದು. ಬೇರೆ ಯಾವ ಕ್ರಮದಲ್ಲೂ ಇದಕ್ಕಿಂತ ಇಳಿಸಲಾಗದು. ತಡವಾಗುವ ಆರ್ಡರುಗಳ ಸಂಖ್ಯೆಯೇ ಕಡಿಮೆಯಾಗಬೇಕೆಂದರೆ? ಅದಕ್ಕೆ 1968ರಲ್ಲಿ ಜೆ. ಎಂ. ಮೂರ್ ದಾರಿ ಕೊಟ್ಟರು. ವಾಯಿದೆಯ ಕ್ರಮದಲ್ಲೇ ಜೋಡಿಸುತ್ತ ಹೋಗಬೇಕು; ಒಂದು ತಪ್ಪಿದೊಡನೆ, ಅಲ್ಲಿಯವರೆಗೆ ಜೋಡಿಸಿದವುಗಳಲ್ಲಿ ಹೆಚ್ಚು ಸಮಯ ತಿನ್ನುವುದನ್ನು ಕೊನೆಗೆ ತಳ್ಳಬೇಕು. ಇಲ್ಲಿ 4 ದಿನದ ಕೆಲಸ ಹಿಂದೆ ಹೋಗುತ್ತದೆ. ಇಬ್ಬರಿಗೆ ಹೊತ್ತಿಗೆ ಸರಿಯಾಗಿ ಮಾಲು, ಒಬ್ಬರಿಗೆ ಮಾತ್ರ 4 ದಿನ ತಡ.

ಆ ಒಬ್ಬರು ಯಾರೆಂದು ಸೂತ್ರ ನೋಡುವುದಿಲ್ಲ. ತಡಕ್ಕೆ ಬಿಲ್ಲಿನಲ್ಲಿ ಹಣ ಕಡಿತ ಮಾಡುವ ದೊಡ್ಡ ಗಿರಾಕಿಯಾಗಿದ್ದರೆ ಜಾಕ್ಸನ್ ದಾರಿಯೇ ವಾಸಿ. ಕಚ್ಚಾ ಮಾಲು ಎಲ್ಲದಕ್ಕೂ ಕೈಯಲ್ಲಿದ್ದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ ಎಂಬುದೂ ನೆನಪಿರಲಿ. ಆದರೆ ತಡ ಎಷ್ಟೆಂದು ಮೊದಲ ದಿನವೇ ಗೊತ್ತಾದರೆ ಅಂದೇ ತಿಳಿಸಬಹುದು. ಗಿರಾಕಿಯೂ ತನ್ನ ಕೆಲಸವನ್ನು ಹಿಂದುಮುಂದು ಮಾಡಿಕೊಂಡಾನು.