ವರ್ಚುವಲ್ ಯಂತ್ರಗಳ ಆರಂಭಿಕ ಸ್ಥಗಿತ

ವರ್ಚುವಲ್ ಯಂತ್ರವನ್ನು ಚಾಲನೆ ಮಾಡಿದ ಬಳಿಕ ಅದರ ಕಾರ್ಯಾಚರಣಾ ವ್ಯವಸ್ಥೆಯು ಬಳಕೆಗೆ ಸಿದ್ಧವಾಗುವ ಮೊದಲೇ ನಿಂತುಬಿಡುವುದನ್ನು ಆರಂಭಿಕ ಸ್ಥಗಿತ ಎನ್ನಬಹುದು. ವರ್ಚುವಲ್ ಯಂತ್ರವೆಂದರೆ ಭೌತಿಕ ಗಣಕದೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಗಣಕ. ಭೌತಿಕ ಗಣಕವನ್ನು ಆತಿಥೇಯವೆಂದೂ ಒಳಗಿನದನ್ನು ಅತಿಥಿಯೆಂದೂ ಕರೆಯುತ್ತಾರೆ. ಅತಿಥಿಗೆ ಸಂಪನ್ಮೂಲಗಳನ್ನು ಹಂಚುವ ತಂತ್ರಾಂಶವೇ ಹೈಪರ್‌ವೈಸರ್. ಕಾಣುವುದು ಕಪ್ಪು ಪರದೆ ಮಾತ್ರವಾದ್ದರಿಂದ ಎಲ್ಲ ಸ್ಥಗಿತಗಳೂ ಒಂದೇ ಬಗೆಯವೆಂದು ತೋರುತ್ತವೆ. ವಾಸ್ತವದಲ್ಲಿ ಅವುಗಳಲ್ಲಿ ಹಲವು ಸ್ಥಗಿತಗಳೇ ಅಲ್ಲ; ಯಂತ್ರವು ಯಾವುದೋ ಒಂದಕ್ಕಾಗಿ ಕಾಯುತ್ತಿರುತ್ತದೆ. ಅದನ್ನು ತಿಳಿಯದೆ ಬಲವಂತವಾಗಿ ಆರಿಸಿದರೆ ಡಿಸ್ಕಿಗೆ ಬರೆಯಲಾಗುತ್ತಿದ್ದ ದತ್ತಾಂಶ ಹಾಳಾಗುವ ಅಪಾಯವಿದೆ.

ಆತಿಥೇಯದ ಕಡೆಯ ಕಾರಣಗಳು

ಮೊದಲು ನೋಡಬೇಕಾದದ್ದು ಹೈಪರ್‌ವೈಸರ್ ತೋರಿಸುವ ಸ್ಥಿತಿಯನ್ನು. ಲಿನಕ್ಸ್ ಆತಿಥೇಯಗಳಲ್ಲಿ ಬಳಸುವ ಕ್ಯೂಎಮು ತಂತ್ರಾಂಶವು, ಆತಿಥೇಯದ ಡಿಸ್ಕ್ ತುಂಬಿ ಬರೆಯಲು ಜಾಗವಿಲ್ಲದಾದಾಗ, ಸಾಮಾನ್ಯ ಹೊಂದಾಣಿಕೆಯಲ್ಲಿ ಅತಿಥಿಯನ್ನು ತಾನಾಗಿಯೇ ವಿರಾಮ ಸ್ಥಿತಿಗೆ ತರುತ್ತದೆ. ಪರದೆ ಹೆಪ್ಪುಗಟ್ಟಿದಂತೆ ಕಂಡರೂ ಅತಿಥಿಯಲ್ಲಿ ದೋಷವಿರುವುದಿಲ್ಲ. ಜಾಗ ತೆರವುಗೊಳಿಸಿ ಮುಂದುವರಿಯಲು ಆದೇಶಿಸಿದರೆ ಅದು ನಿಂತಲ್ಲಿಂದಲೇ ಸಾಗುತ್ತದೆ.

ವಿಂಡೋಸ್ ಆತಿಥೇಯದಲ್ಲಿ ಹೈಪರ್-ವಿ ಸಕ್ರಿಯವಾಗಿದ್ದರೆ ಸಂಸ್ಕಾರಕದ ವರ್ಚುವಲೀಕರಣ ಸೌಲಭ್ಯ ಅದರ ವಶದಲ್ಲಿರುತ್ತದೆ. ಆಗ ವರ್ಚುವಲ್‌ಬಾಕ್ಸ್ ಹೈಪರ್-ವಿ ಮೂಲಕವೇ ಕೆಲಸ ಮಾಡಬೇಕಾಗುತ್ತದೆ, ಅತಿಥಿಯು ನಿಂತೇ ಹೋಯಿತೆನ್ನುವಷ್ಟು ನಿಧಾನವಾಗಬಹುದು. ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿಹ್ನೆ ಕಂಡರೆ ಕಾರಣ ಇದೇ ಎಂದು ಊಹಿಸಬಹುದು. ಚಿಹ್ನೆಯ ಆಯ್ಕೆ ಅರ್ಥಪೂರ್ಣವಾಗಿದೆ.

ನಿಂತ ಹಂತವನ್ನು ಗುರುತಿಸುವುದು

ಬೂಟ್ ಲೋಡರ್‌ನ ಪಟ್ಟಿಯೇ ಕಾಣದಿದ್ದರೆ ಫರ್ಮ್‌ವೇರ್ ಹೊಂದಾಣಿಕೆಯನ್ನು ಪರಿಶೀಲಿಸಬೇಕು. ಯುಇಎಫ್ಐ ಕ್ರಮದಲ್ಲಿ ಸ್ಥಾಪಿಸಿದ ವ್ಯವಸ್ಥೆಯನ್ನು ಬಯೋಸ್ ಕ್ರಮದಲ್ಲಿ ಆರಂಭಿಸಲು ಹೊರಟರೆ ಅದಕ್ಕೆ ಬೂಟ್ ಡಿಸ್ಕ್ ಸಿಗುವುದಿಲ್ಲ. ಪಟ್ಟಿ ಕಂಡ ನಂತರ ನಿಂತರೆ ಸಂದೇಶಗಳನ್ನು ಓದಬೇಕಾಗುತ್ತದೆ. ಲಿನಕ್ಸ್ ಅತಿಥಿಯಲ್ಲಿ ಕರ್ನಲ್ ನಿಯತಾಂಕಗಳಿಂದ "ಕ್ವೈಯಟ್" ಪದವನ್ನು ತೆಗೆದು ಸೀರಿಯಲ್ ಕನ್ಸೋಲನ್ನು ಸೇರಿಸಿದರೆ ಸಂದೇಶಗಳನ್ನು ಆತಿಥೇಯದಿಂದಲೇ ಓದಬಹುದು. ಕೊನೆಯ ಸಾಲನ್ನೇ ಅಪರಾಧಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಅದು ಮುಗಿದ ಕೆಲಸವಾಗಿದ್ದು, ನಿಂತಿರುವುದು ಅದರ ಮುಂದಿನದಾಗಿರಬಹುದು. ತೆಗೆದುಹಾಕಿದ ಡಿಸ್ಕೊಂದರ ಹೆಸರು ಎಫ್ಎಸ್‌ಟ್ಯಾಬ್ ಕಡತದಲ್ಲಿ ಉಳಿದಿದ್ದರೆ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಅದಕ್ಕಾಗಿ ಕಾದು, ಬಳಿಕ ತುರ್ತು ಕ್ರಮಕ್ಕೆ ಇಳಿಯುತ್ತದೆ. ಒಂದೆರಡು ನಿಮಿಷವೂ ಕಾಯದೆ ಯಂತ್ರವನ್ನು ಆರಿಸುವವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ಯಾದೃಚ್ಛಿಕತೆಯ ಕೊರತೆ

ಗೂಢಲಿಪಿಯ ಕೀಲಿಗಳಿಗೆ ಊಹಿಸಲಾಗದ ಸಂಖ್ಯೆಗಳು ಬೇಕು. ಲಿನಕ್ಸ್ ಕರ್ನಲ್ ಅವುಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ಕೀಲಿಮಣೆ, ಮೌಸ್, ಡಿಸ್ಕ್ ಮುಂತಾದವುಗಳ ಚಟುವಟಿಕೆಯ ಕಾಲವ್ಯತ್ಯಾಸದಿಂದ ಸಂಗ್ರಹಿಸುತ್ತಿತ್ತು. ಕೀಲಿಮಣೆಯೇ ಇಲ್ಲದ ವರ್ಚುವಲ್ ಯಂತ್ರದಲ್ಲಿ ಇಂಥ ಮೂಲಗಳು ಕಡಿಮೆ. 2018ರಲ್ಲಿ ಭದ್ರತೆಗಾಗಿ ಕರ್ನಲ್‌ನ ನಿಯಮ ಬಿಗಿಯಾದ ಮೇಲೆ, ಸಂಖ್ಯೆ ಕೇಳಿದ ಸೇವೆಗಳು ಸಾಕಷ್ಟು ಸಂಗ್ರಹವಾಗುವವರೆಗೆ ಕಾಯತೊಡಗಿದವು. 2019ರಲ್ಲಿ 5.3ನೇ ಆವೃತ್ತಿಯ ತಯಾರಿಯ ವೇಳೆ ವಿಚಿತ್ರ ಸಂಗತಿಯೊಂದು ಕಂಡುಬಂತು: ಎಕ್ಸ್‌ಟಿ4 ಕಡತ ವ್ಯವಸ್ಥೆಯ ಸುಧಾರಣೆಯಿಂದ ಡಿಸ್ಕ್ ಓದುವಿಕೆಯ ಕೋರಿಕೆಗಳು ಕಡಿಮೆಯಾಗಿ, ಅದರಿಂದ ಯಾದೃಚ್ಛಿಕತೆಯೂ ತಗ್ಗಿ, ಭೌತಿಕ ಗಣಕದಲ್ಲೂ ಆರಂಭ ನಿಂತಿತು. ಮೌಸ್ ಅಲುಗಾಡಿಸಿದರೆ ಮುಂದುವರಿಯುತ್ತಿತ್ತು! ಆ ಸುಧಾರಣೆಯನ್ನು ತಾತ್ಕಾಲಿಕವಾಗಿ ಹಿಂತೆಗೆಯಲಾಯಿತು. 5.4ನೇ ಆವೃತ್ತಿಯಿಂದ ಕರ್ನಲ್ ಸಂಸ್ಕಾರಕದ ಕಾಲಗತಿಯ ಏರುಪೇರಿನಿಂದ ತಾನೇ ಯಾದೃಚ್ಛಿಕತೆ ಪಡೆಯುತ್ತದೆ. ಹಳೆಯ ಅತಿಥಿಗಳಿಗೆ ಆತಿಥೇಯದಿಂದ ಅದನ್ನು ಒದಗಿಸುವ ವರ್ಟಿಯೊ-ಆರ್‌ಎನ್‌ಜಿ ಸಾಧನವನ್ನು ಜೋಡಿಸುವುದು ಪರಿಹಾರ.

ಹೊರಗಿನಿಂದ ದುರಸ್ತಿ

ಅತಿಥಿಯ ಒಳಹೋಗಲು ಸಾಧ್ಯವೇ ಆಗದಿದ್ದರೆ, ಯಂತ್ರವನ್ನು ಆರಿಸಿ ಡಿಸ್ಕಿನ ಪ್ರತಿ ತೆಗೆದು, ಮೂಲ ಡಿಸ್ಕನ್ನು ಸುಸ್ಥಿತಿಯ ಇನ್ನೊಂದು ವರ್ಚುವಲ್ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಸರಿಪಡಿಸಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ನವೀಕರಣದಿಂದ ವಿಂಡೋಸ್ ಯಂತ್ರಗಳು ಆರಂಭವಾಗದೆ ಮತ್ತೆ ಮತ್ತೆ ಕುಸಿದಾಗ, ಮೋಡ ಸೇವೆಗಳಲ್ಲಿನ ಹಲವು ವರ್ಚುವಲ್ ಯಂತ್ರಗಳ ದುರಸ್ತಿಗೆ ಈ ವಿಧಾನ ಬಳಕೆಯಾಯಿತು. ಬಿಟ್‌ಲಾಕರ್‌ನಿಂದ ಗೂಢಲಿಪೀಕರಿಸಿದ ಡಿಸ್ಕುಗಳಿಗೆ ಮರುಪ್ರಾಪ್ತಿ ಕೀಲಿಯೂ ಬೇಕಾಯಿತು.