ಒಲೆ ಆರಿದ ಮೇಲೂ ಉಳಿಯುವ ಕೆಂಡ

1993ರ ಮಾರ್ಚ್ 31ರ ನಸುಕು. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ, ಗಂಗೆಯ ದಂಡೆಯ ಮೇಲಿರುವ ನರೋರಾ ಅಣು ವಿದ್ಯುತ್ ಸ್ಥಾವರದ ಮೊದಲ ಘಟಕದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದವು. ರಭಸದಿಂದ ತಿರುಗುತ್ತಿದ್ದ ಯಂತ್ರ ಸಮತೂಕ ತಪ್ಪಿ ಅದುರಿತು. ಜನರೇಟರನ್ನು ತಂಪಾಗಿಡುವ ಜಲಜನಕ ಸೋರಿ ಹೊತ್ತಿಕೊಂಡಿತು, ಎಣ್ಣೆಗೂ ಬೆಂಕಿ ಹಬ್ಬಿತು. ಕೆಲವೇ ನಿಮಿಷಗಳಲ್ಲಿ ಕೇಬಲ್ಲುಗಳು ಸುಟ್ಟು ಇಡೀ ಘಟಕ ಕತ್ತಲಾಯಿತು. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಬರಬೇಕಾಯಿತು. ಮುಂದಿನ 17 ಗಂಟೆ ಅಲ್ಲಿಗೆ ವಿದ್ಯುತ್ ಬರಲಿಲ್ಲ.

ಅಣು ವಿದ್ಯುತ್ತನ್ನು ಮುಂದುವರಿಸುವಷ್ಟು ಸುರಕ್ಷಿತವೇ ಎಂದು ಯಾರಾದರೂ ಕೇಳಿದಾಗ ನನಗೆ ಚೆರ್ನೋಬಿಲ್‌ಗಿಂತ ಮೊದಲು ನೆನಪಾಗುವುದು ಈ ರಾತ್ರಿ. ನಮ್ಮ ಉತ್ತರ ಕನ್ನಡದ ಕೈಗಾ ಅಣು ಸ್ಥಾವರದ ನಾಲ್ಕೂ ಘಟಕಗಳು ನರೋರಾದ ವಂಶದವೇ: ತಲಾ 220 ಮೆಗಾವ್ಯಾಟಿನ ಭಾರಜಲ ರಿಯಾಕ್ಟರುಗಳು.

ಬೆಂಕಿ ಬಿದ್ದ ಒಂದು ನಿಮಿಷದೊಳಗೆ ಸಿಬ್ಬಂದಿ ನರೋರಾದ ರಿಯಾಕ್ಟರನ್ನು ನಿಲ್ಲಿಸಿದ್ದರು. ಹಾಗಾದರೆ ಹೆದರಿಕೆ ಯಾವುದಕ್ಕೆ? ಮಲೆನಾಡಿನ ಬಚ್ಚಲುಮನೆಯ ಹಂಡೆ ಒಲೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸೌದೆ ಹಿಂದಕ್ಕೆಳೆದರೂ ಕೆಂಡ ಉಳಿದಿರುತ್ತದೆ, ನೀರು ಬಹಳ ಹೊತ್ತು ಸುಡುತ್ತಲೇ ಇರುತ್ತದೆ. ಹಂಡೆಯಲ್ಲಿ ನೀರೇ ಇಲ್ಲದಿದ್ದರೆ ಆ ಕೆಂಡಕ್ಕೇ ತಾಮ್ರ ಕಂದುತ್ತದೆ. ರಿಯಾಕ್ಟರಿನಲ್ಲೂ ಯುರೇನಿಯಂ ಒಡೆಯುವುದು ನಿಂತ ಮೇಲೆ, ಒಡೆದು ಹುಟ್ಟಿದ ಚೂರುಗಳು ತಾವಾಗಿ ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಈ ಉಳಿಕೆ ಶಾಖ ಪೂರ್ಣ ಶಾಖದ ಶೇ. 6ರಿಂದ 7ರಷ್ಟಿರುತ್ತದೆ. ಕೈಗಾದ ಒಂದು ಘಟಕದಲ್ಲಿ ಅದು ಸುಮಾರು 50 ಮೆಗಾವ್ಯಾಟ್, ಅಂದರೆ 2 ಕಿಲೋವ್ಯಾಟಿನ 25,000 ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು. ಒಂದು ದಿನ ಕಳೆದ ಮೇಲೂ ಸುಮಾರು 2,000 ಗೀಸರುಗಳಷ್ಟು ಉಳಿದಿರುತ್ತದೆ. ಇದನ್ನು ಆರಿಸುವ ಗುಂಡಿ ಜಗತ್ತಿನ ಯಾವ ಸ್ಥಾವರದಲ್ಲೂ ಇಲ್ಲ. ನೀರು ಹರಿಸಿ ಕೊಂಡೊಯ್ಯಬೇಕು, ಅಷ್ಟೇ. ಅಣು ಸ್ಥಾವರದ ಸುರಕ್ಷತೆಯ ಬಹುಪಾಲು ಈ ಕೆಂಡದ ಮೇಲೆ ನೀರಿನ ಹರಿವು ನಿಲ್ಲದಂತೆ ನೋಡಿಕೊಳ್ಳುವುದರಲ್ಲೇ ಇದೆ.

ನರೋರಾದಲ್ಲಿ ಕೆಲವರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿದರು. ಸರಪಳಿ ಕ್ರಿಯೆ ಮತ್ತೆ ತಲೆಯೆತ್ತದಿರಲೆಂದು ಕೈಯಿಂದಲೇ ಕವಾಟ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಹಬೆ ಉತ್ಪಾದಕಗಳಿಗೆ ನೀರು ಹಾಯಿಸಿದರು. ಇಂಧನದ ಸುತ್ತಲಿನ ಭಾರಜಲವಂತೂ ಪಂಪ್ ಇಲ್ಲದೆ ತಾನೇ ಹರಿಯಿತು: ಬಿಸಿಯಾದದ್ದು ಮೇಲೇರಿತು, ಹಬೆ ಉತ್ಪಾದಕದಲ್ಲಿ ತಣಿದು ಕೆಳಗಿಳಿಯಿತು. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರು ಕೆಲಸ ಮಾಡುವುದೂ ಇದೇ ತತ್ವದಿಂದ. ವಿಕಿರಣ ಸೋರಲಿಲ್ಲ, ಯಾರೂ ಸಾಯಲಿಲ್ಲ.

ಆ ಸಿಬ್ಬಂದಿಯ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ಅಂಥ ಧೈರ್ಯ ತೋರಬೇಕಾದ ಹೊತ್ತು ಬಂದದ್ದೇ ತಪ್ಪು. ಆ ಬಗೆಯ ಅಲಗುಗಳಲ್ಲಿ ದೋಷವಿದೆ ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಒಂದು ಸುಟ್ಟರೆ ಇನ್ನೊಂದು ಇರಲಿ ಎಂದು ಹಾಕಿದ್ದ ಕೇಬಲ್ಲುಗಳು ಒಂದೇ ಕಾಲುವೆಯಲ್ಲಿ ಅಕ್ಕಪಕ್ಕ ಮಲಗಿದ್ದವು. ಹೀಗೆ ಹಾಕಬಾರದು ಎಂಬ ಪಾಠವನ್ನು ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದ ಬೆಂಕಿ 1975ರಲ್ಲೇ ಕಲಿಸಿತ್ತು.

ಜಪಾನಿನಲ್ಲೂ ಆದದ್ದು ಇಂಥದ್ದೇ. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತವು. ಒಲೆ ಆರಿತ್ತು, ಕೆಂಡ ಉಳಿದಿತ್ತು. ಮುಕ್ಕಾಲು ಗಂಟೆಯ ಬಳಿಕ ಬಂದ ಸುನಾಮಿ ಸುಮಾರು 14 ಮೀಟರ್ ಏರಿ, ನೆಲಮಾಳಿಗೆಯಲ್ಲಿದ್ದ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಸ್ಥಾವರ ಸಿದ್ಧವಾಗಿದ್ದದ್ದು 5.7 ಮೀಟರಿನ ಅಲೆಗೆ. 15 ಮೀಟರಿಗೂ ಮೀರಿದ ಅಲೆ ಬರಬಹುದೆಂದು ಸ್ಥಾವರ ನಡೆಸುತ್ತಿದ್ದ ಕಂಪನಿಯೇ 2008ರಲ್ಲಿ ಮಾಡಿಸಿದ ಲೆಕ್ಕ ಹೇಳಿತ್ತು, ಗೋಡೆ ಮಾತ್ರ ಏರಲಿಲ್ಲ. ಅದೇ ಕರಾವಳಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿ ಒನಗಾವಾ ಸ್ಥಾವರವಿದೆ. ಹಳೆಯ ಸುನಾಮಿಗಳ ನೆನಪಿದ್ದ ಯಾನೊಸುಕೆ ಹಿರಾಯ್ ಎಂಬ ಎಂಜಿನಿಯರ್ ಹಟ ಹಿಡಿದು ಅದನ್ನು ಸಮುದ್ರಮಟ್ಟದಿಂದ 14.8 ಮೀಟರ್ ಎತ್ತರದಲ್ಲಿ ಕಟ್ಟಿಸಿದ್ದರು. ಅಂದು ಮನೆ ಕಳೆದುಕೊಂಡ ಊರಿನವರು ಆಶ್ರಯ ಪಡೆದದ್ದು ಆ ಅಣು ಸ್ಥಾವರದ ಆವರಣದಲ್ಲೇ.

ಫುಕುಶಿಮಾದಲ್ಲಿ ಒಂದೂವರೆ ಲಕ್ಷ ಜನ ಮನೆ ಬಿಡಬೇಕಾಯಿತು. ವಿಕಿರಣದಿಂದ ಆದದ್ದೆಂದು ಜಪಾನ್ ಸರ್ಕಾರ 2018ರಲ್ಲಿ ಒಪ್ಪಿದ್ದು ಒಬ್ಬ ಕಾರ್ಮಿಕನ ಸಾವನ್ನು. ಸ್ಥಳಾಂತರದ ಬವಣೆಯಲ್ಲಿ ಸತ್ತವರು ಎರಡು ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹಿರಿಯ ಜೀವಗಳು. ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಿಸಿದ್ದೇ ಕೆಲವರ ಜೀವ ತೆಗೆಯಿತು.

ಈ ಸಾವುಗಳನ್ನು, ಚೆರ್ನೋಬಿಲ್‌ನವನ್ನೂ ಸೇರಿಸಿ ಸಂಶೋಧಕರು ಲೆಕ್ಕ ಹಾಕಿದ್ದಾರೆ. 100 ಕೋಟಿ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 24 ಸಾವು, ಅಣುವಿನಿಂದ ಸುಮಾರು 0.03. ಕಲ್ಲಿದ್ದಲಿನ ಸಾವು ಸುದ್ದಿಯಾಗುವುದಿಲ್ಲ. ಚಿಮಣಿಯ ಹೊಗೆ ಶ್ವಾಸಕೋಶ, ಹೃದಯ ಸೇರಿ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಸುತ್ತ ಹಾರುಬೂದಿ ಕುಡಿದು ಬದುಕುವವರನ್ನು ಬಿಟ್ಟು ಕೈಗಾದ ಅಪಾಯವೊಂದನ್ನೇ ತೂಗುವುದು ನ್ಯಾಯವಲ್ಲ. ಕೈಗಾ ಪೂರ್ತಿ ನಡೆದ ದಿನ ಸುಮಾರು 2 ಕೋಟಿ ಯೂನಿಟ್ ಕೊಡುತ್ತದೆ. ಅದನ್ನು ನಿಲ್ಲಿಸಿದರೆ ರಾತ್ರಿಯ ಆ ಯೂನಿಟ್ಟುಗಳು ಇಂದಿನ ಸ್ಥಿತಿಯಲ್ಲಿ ಬಹುಪಾಲು ಕಲ್ಲಿದ್ದಲಿನಿಂದಲೇ ಬರಬೇಕು.

ಹಾಗಾಗಿ ನನ್ನ ತೀರ್ಮಾನ: ಇರುವ ಸ್ಥಾವರಗಳು ನಡೆಯಲಿ. ಆದರೆ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಎತ್ತಿದ ಪ್ರಶ್ನೆಗಳು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಜನರ ಮುಂದಿಟ್ಟ ಆತಂಕಗಳು ಇನ್ನೂ ಹಳತಾಗಿಲ್ಲ. 1994ರ ಮೇ 13ರಂದು ಕೈಗಾದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು ಕಟ್ಟುವಾಗಲೇ ಕಳಚಿ ಬಿತ್ತು. ಇಂಧನ ತುಂಬಿರದ ಕಾರಣ ಬಚಾವಾದೆವು. ಸರಿಪಡಿಸಿ ಕಟ್ಟಿದ ಅದೇ ಘಟಕ 2016ರ ಮೇ 13ರಿಂದ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಈ ನಡುವೆ, 2009ರ ನವೆಂಬರಿನಲ್ಲಿ, ಅಲ್ಲಿನ ಕೆಲಸಗಾರರ ಮೂತ್ರದಲ್ಲಿ ವಿಕಿರಣಶೀಲ ಟ್ರಿಟಿಯಂ ಹೆಚ್ಚಾಗಿ ಕಂಡಿತ್ತು. ಯಾರೋ ಒಳಗಿನವರೇ ಅದು ಬೆರೆತ ಭಾರಜಲವನ್ನು ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಯಂತ್ರ ಸುಧಾರಿಸಿದ ಮೇಲೂ ಮನುಷ್ಯರ ಮೇಲೆ ಕಣ್ಣಿಡಬೇಕಾಗುತ್ತದೆ. ಆ ಕಣ್ಣಾಗಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾಯತ್ತತೆಯಿಲ್ಲ ಎಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಬರೆಯಿತು. ವಿದ್ಯುತ್ ಉತ್ಪಾದಿಸುವವರ ಮುಲಾಜಿಲ್ಲದೆ ಸ್ಥಾವರ ನಿಲ್ಲಿಸಿ ಎನ್ನುವ ಧೈರ್ಯ ನಿಯಂತ್ರಕರಿಗೆ ಇರಲೇಬೇಕು.

ಕೈಗಾದಲ್ಲಿ ಸುನಾಮಿಯ ಭಯವಿಲ್ಲ. ಆದರೆ ಸ್ಥಾವರದ ಪಕ್ಕದ ಕಾಳಿ ನದಿಯ ಮೇಲ್ಗಡೆ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳಿವೆ. 2021ರ ಜುಲೈ ಮಳೆಗೆ ಪಕ್ಕದ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿದವು. ಈಗ ಕೈಗಾಕ್ಕೆ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ, ಅವುಗಳ ಕೆಂಡವೂ ಅದಕ್ಕೆ ತಕ್ಕಂತೆ ದೊಡ್ಡದು. ಕಾರವಾರ, ಯಲ್ಲಾಪುರ, ಜೋಯಿಡಾ ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರು ಸ್ಥಾವರದಿಂದ 16 ಕಿಲೋಮೀಟರ್ ಒಳಗಿದ್ದರೆ, ಕಳೆದ ಅಣಕು ತುರ್ತು ಕಾರ್ಯಾಚರಣೆ ಯಾವಾಗ ನಡೆಯಿತು, ಅಯೋಡಿನ್ ಮಾತ್ರೆ ಎಲ್ಲಿಟ್ಟಿದ್ದಾರೆ, ಮಳೆಗಾಲದಲ್ಲಿ ರಸ್ತೆ ಕುಸಿದರೆ ಹಾಸಿಗೆ ಹಿಡಿದವರನ್ನು ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.